ಓದುಗರ ಪ್ರಶ್ನೆ: ಏಳು ವರ್ಷ ಕಲಿತ ಕೈ ಮನೆಯಲ್ಲೇಕೆ ನಿಲ್ಲಲಿಲ್ಲ?

ಪ್ರಶ್ನೆ: ನನಗೆ 24 ವರ್ಷ. ಏಳು ವರ್ಷಗಳಿಂದ ಕರಾಟೆ ಕಲಿಯುತ್ತಿದ್ದೇನೆ. ಕಳೆದ ವರ್ಷ ಬ್ಲ್ಯಾಕ್ ಬೆಲ್ಟ್ ದೊರೆಯಿತು. ಹೋದ ತಿಂಗಳು ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆ ಅಕಾಲದ ಮಳೆಗೆ ನೆನೆಯುತ್ತಿದ್ದರೂ ನನ್ನ ತಮ್ಮ ಜಗಲಿಯಲ್ಲಿ ಮೊಬೈಲ್ ನೋಡುತ್ತ ಕುಳಿತಿದ್ದ. ಅದನ್ನು ಕಂಡು ಅವನ ಕೆನ್ನೆಗೆ ಹೊಡೆದುಬಿಟ್ಟೆ. ‘ಇಷ್ಟು ವರ್ಷ ಕಲಿತದ್ದು ಇದಕ್ಕೇನಾ?’ ಎಂದು ಅಮ್ಮ ಕೇಳಿದರು. ಅಂದಿನಿಂದ ತಮ್ಮ ನನ್ನೊಡನೆ ಮಾತಾಡುತ್ತಿಲ್ಲ. ನಾನೂ ತರಗತಿಗೆ ಹೋಗಿಲ್ಲ. ಈ ವಿದ್ಯೆ ತನ್ನನ್ನು ತಾನು ಗೆಲ್ಲುವುದನ್ನು ಕಲಿಸುತ್ತದೆ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಅದು ಸುಳ್ಳೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಸುಳ್ಳಲ್ಲ. ಆದರೆ ಆ ಮಾತಿನಲ್ಲಿ ಹೇಳದೆ ಉಳಿದ ಒಂದು ಭಾಗವಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು ಎನಿಸುತ್ತಿದೆ.

ಎದುರಾಳಿಯ ಮುಖದತ್ತ ಬೀಸಿದ ಮುಷ್ಟಿಯನ್ನು ಚರ್ಮಕ್ಕೆ ತಾಗುವ ಮುನ್ನವೇ ನಿಲ್ಲಿಸುವುದನ್ನು ನೀವು ತರಗತಿಯಲ್ಲಿ ಸಾವಿರಾರು ಸಲ ಅಭ್ಯಾಸ ಮಾಡಿರುತ್ತೀರಿ. ಹೊಡೆಯುವುದಕ್ಕಿಂತ ಹೀಗೆ ನಿಲ್ಲಿಸುವುದು ಎಷ್ಟು ಕಷ್ಟವೆಂಬುದು ನಿಮಗೆ ಗೊತ್ತು. ಪೂರ್ತಿ ವೇಗದಲ್ಲಿರುವ ಕೈಯನ್ನು ಕೊನೆಯ ಅಂಗುಲದಲ್ಲಿ ತಡೆಯಬೇಕಾದರೆ ಹೆಗಲು, ಸೊಂಟ, ಉಸಿರು ಮೂರೂ ಒಂದಾಗಬೇಕು. ಅಂಥ ಕೈ ಮನೆಯ ಜಗಲಿಯಲ್ಲಿ ಏಕೆ ನಿಲ್ಲಲಿಲ್ಲ? ತರಗತಿಯಲ್ಲಿ ನೀವು ಬಾಗಿ ನಮಸ್ಕರಿಸಿ ಆರಂಭಿಸುತ್ತೀರಿ. ಎದುರಿಗೆ ನಿಂತವನು ನಿಮ್ಮ ವರ್ಷದ ಫಸಲನ್ನು ಮಳೆಗೆ ಬಿಟ್ಟವನಲ್ಲ, ಅವನ ಮೇಲೆ ನಿಮ್ಮ ಮನಸ್ಸಿನಲ್ಲಿ ಚಿಕ್ಕಂದಿನಿಂದ ಕೂಡಿಟ್ಟ ದೂರುಗಳೂ ಇಲ್ಲ. ನಿಮ್ಮ ಕೈ ಏಳು ವರ್ಷ ಕಲಿತದ್ದು ಕೋಪವಿಲ್ಲದ ಹೊತ್ತಿನಲ್ಲಿ ನಿಲ್ಲುವುದನ್ನು. ಕೋಪ ಏರಿದ ಹೊತ್ತಿನಲ್ಲಿ ನಿಲ್ಲುವ ಪಾಠ ನಿಮಗೆ ಶುರುವಾದದ್ದು ಆ ಮಳೆಯ ದಿನ, ಮತ್ತು ಮೊದಲ ದಿನದ ಪಾಠದಲ್ಲಿ ನೀವು ತಪ್ಪಿದಿರಿ. ಇದರಿಂದ ಏಳು ವರ್ಷ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಆದರೆ ತಪ್ಪನ್ನು ಚಿಕ್ಕದೆಂದೂ ಹೇಳಲಾರೆ. ಕಲಿತ ಕೈಯ ಏಟು, ಕಲಿಯದ ಕೈಯ ಏಟಿಗಿಂತ ಹೆಚ್ಚು ನೋಯಿಸುತ್ತದೆ.

ನಿಮ್ಮ ಸೊಂಟದ ಕಪ್ಪು ಪಟ್ಟಿಯ ಬಗ್ಗೆಯೂ ಒಂದು ಮಾತು. ಈ ಶ್ರೇಣಿಗಳ ಪದ್ಧತಿ ಕರಾಟೆಗೆ ಬಂದದ್ದು ಜೂಡೋದಿಂದ. 1882ರಲ್ಲಿ ಟೋಕಿಯೊದಲ್ಲಿ ಜೂಡೋವನ್ನು ಆರಂಭಿಸಿದ ಜಿಗೊರೊ ಕಾನೊ ಅವರು ಶಿಕ್ಷಣತಜ್ಞರಾಗಿದ್ದರು. ಮೈಯನ್ನು ಪಳಗಿಸುವುದರ ಜೊತೆಗೆ ನಡತೆಯನ್ನು ತಿದ್ದುವ ಮಾರ್ಗವಾಗಿಯೂ ಅವರು ಆ ವಿದ್ಯೆಯನ್ನು ರೂಪಿಸಿದರು. ಕಪ್ಪು ಪಟ್ಟಿಯ ಮೊದಲ ಶ್ರೇಣಿಗೆ ಜಪಾನಿ ಭಾಷೆಯಲ್ಲಿ ‘ಶೋದಾನ್’ ಎನ್ನುತ್ತಾರೆ, ಅದರಲ್ಲಿರುವ ‘ಶೋ’ ಎಂದರೆ ಆರಂಭ. ನಮ್ಮ ಊರುಗಳಲ್ಲಿ ಅದನ್ನು ಮುಗಿದ ವಿದ್ಯೆಯ ಗುರುತೆಂದು ಹಾರ ಹಾಕಿ ಮೆರವಣಿಗೆ ಮಾಡುತ್ತೇವೆ. ಒಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೊಗೆ ಬಂದು ಕರಾಟೆಯನ್ನು ಜಪಾನಿನ ಉದ್ದಗಲಕ್ಕೂ ಪರಿಚಯಿಸಿದ ಗಿಚಿನ್ ಫುನಾಕೊಶಿ ಅವರು, ಕರಾಟೆಯಲ್ಲಿ ಮೊದಲ ಏಟು ಎಂಬುದೇ ಇಲ್ಲವೆಂದು ಶಿಷ್ಯರಿಗೆ ಕಲಿಸಿದರು. ನಿಮ್ಮ ತಮ್ಮನ ಕೈಯಲ್ಲಿದ್ದದ್ದು ಮೊಬೈಲ್ ಮಾತ್ರ. ಇದನ್ನು ನಿಮ್ಮನ್ನು ಚುಚ್ಚಲು ಬರೆಯುತ್ತಿಲ್ಲ. ನಿಮ್ಮ ಅಮ್ಮ ಕೇಳಿದ ಪ್ರಶ್ನೆ ಆ ವಿದ್ಯೆಯ ಒಳಗಿನಿಂದಲೇ ಹುಟ್ಟಿದ್ದೆಂದು ತೋರಿಸಲು ಬರೆಯುತ್ತಿದ್ದೇನೆ.

ಹಾಗಾದರೆ ಕೋಪದ ಹೊತ್ತಿನ ಪಾಠವನ್ನು ಎಲ್ಲಿ ಕಲಿಯಬೇಕು? ನಾನು ಅದನ್ನು ಮೊದಲು ಕಂಡದ್ದು ಯಾವ ಗುರುಗಳ ಬಳಿಯೂ ಅಲ್ಲ, ನಮ್ಮ ತೋಟಕ್ಕೆ ಅಡಿಕೆ ಗೊನೆ, ಅಂದರೆ ಕೊನೆ, ಕೊಯ್ಯಲು ಬರುತ್ತಿದ್ದ ಹಿರಿಯ ಕೊನೆಗಾರರೊಬ್ಬರಲ್ಲಿ. ಕೊನೆಗಾರನ ಕೆಲಸ ನಿಮಗೆ ವಿವರಿಸಬೇಕಾಗಿಲ್ಲ. ನಲವತ್ತು, ಐವತ್ತು ಅಡಿ ಎತ್ತರದಲ್ಲಿ ಒಂದು ಮರವನ್ನು ತೂಗಿಸಿ, ನೆಲಕ್ಕಿಳಿಯದೆ ಪಕ್ಕದ ಮರಕ್ಕೆ ದಾಟುವ ಆ ಗಳಿಗೆಯಲ್ಲಿ ಮೈಯ ಯಾವ ಭಾಗವೂ ಬೇರೆಲ್ಲೋ ಇರುವಂತಿಲ್ಲ. ಮನೆಯಲ್ಲಿ ಜಗಳವಾಡಿ ಬಂದ ದಿನ ಅವರು ಮರ ಹತ್ತುತ್ತಿರಲಿಲ್ಲ. ‘ಇವತ್ತು ಮರ ಬೇಡ’ ಎಂದಷ್ಟೇ ಹೇಳಿ, ಎಲೆ-ಅಡಿಕೆಯ ಕವಳ ಹಾಕಿಕೊಂಡು, ಕೆಳಗೆ ಉದುರಿದ ಅಡಿಕೆ ಹೆಕ್ಕುತ್ತ ಕೂರುತ್ತಿದ್ದರು. ಆ ದಿನದ ಕೂಲಿ ಕಡಿಮೆಯಾಗುತ್ತಿತ್ತು, ಜೊತೆಯವರು ನಗುತ್ತಿದ್ದರು, ಆದರೂ ಅವರು ಹತ್ತುತ್ತಿರಲಿಲ್ಲ. ಆಗ ಬಾಲಕನಾಗಿದ್ದ ನನಗೆ ಅದು ಹೆದರಿಕೆಯಂತೆ ಕಂಡಿತ್ತು. ಎಷ್ಟೋ ವರ್ಷ ಅಭ್ಯಾಸ ಮಾಡಿದ ಮೇಲೆ, ತನ್ನ ಮನಸ್ಸಿನ ಸ್ಥಿತಿಯನ್ನು ಮರದ ಬುಡದಲ್ಲಿ ನಿಂತಾಗಲೇ ಓದಿಕೊಳ್ಳುವುದು ಎಷ್ಟು ದೊಡ್ಡ ಶಕ್ತಿ ಎಂಬುದು ಅರ್ಥವಾಯಿತು. ನೀವು ಅಂಗಳಕ್ಕೆ ಓಡಿಬಂದಾಗ ನಿಮ್ಮ ಉಸಿರು ಎದೆಯ ಮೇಲ್ಭಾಗಕ್ಕೆ ಏರಿತ್ತು, ದವಡೆ ಬಿಗಿದಿತ್ತು, ಕೈ ಬಿಸಿಯಾಗಿತ್ತು. ಇವೆಲ್ಲ ಏಟಿಗಿಂತ ಮೊದಲೇ ನಡೆದುಹೋಗಿರುತ್ತವೆ. ತರಗತಿಯಲ್ಲಿ ಎದುರಾಳಿಯ ಹೆಗಲು ಅಲುಗುವುದನ್ನೇ ನೋಡಿ ಏಟನ್ನು ಊಹಿಸುವ ನಿಮ್ಮ ಕಣ್ಣಿಗೆ ನಿಮ್ಮದೇ ಹೆಗಲನ್ನು ನೋಡುವ ಅಭ್ಯಾಸ ಇನ್ನೂ ಬಂದಿಲ್ಲ. ದಿನದ ಸಣ್ಣ ಸಿಟ್ಟುಗಳಲ್ಲಿ ಅದನ್ನು ಶುರು ಮಾಡಿ: ಬಸ್ಸು ತಡವಾದಾಗ, ಮೋಟಾರು ಕೈಕೊಟ್ಟಾಗ, ಮಂಡಿಯಲ್ಲಿ ಅಡಿಕೆ ಧಾರಣೆ ಇಳಿದಾಗ.

ಇನ್ನು ತಮ್ಮನ ವಿಷಯ. ಜೈನ ಕ್ಷೇತ್ರವಾದ ಹೊಂಬುಜ ನಿಮ್ಮ ಪಕ್ಕದ ತಾಲ್ಲೂಕಿನಲ್ಲೇ ಇರುವುದರಿಂದ ಬಾಹುಬಲಿಯ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಸಾವಿರ ವರ್ಷಕ್ಕೂ ಹಿಂದೆ ಪಂಪ ಕನ್ನಡದಲ್ಲಿ ಹೇಳಿದ ಕಥೆ ಅದು. ದೃಷ್ಟಿಯುದ್ಧ, ಜಲಯುದ್ಧಗಳಲ್ಲಿ ಗೆದ್ದು, ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಎತ್ತಿ ಹಿಡಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದ. ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಹೊಗಳುತ್ತೇವೆ. ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಭಾಗ. ಎಲ್ಲವನ್ನೂ ತೊರೆದು, ಮೈಗೆ ಬಳ್ಳಿ ಹಬ್ಬುವಷ್ಟು ಕಾಲ ನಿಂತು ತಪಸ್ಸು ಮಾಡಿದರೂ, ತಾನು ನಿಂತ ನೆಲ ಅಣ್ಣನದೆಂಬ ಒಂದು ಸಣ್ಣ ಮುಳ್ಳು ಅವನೊಳಗೆ ಉಳಿದಿತ್ತಂತೆ. ಭರತನೇ ಬಂದು ನಮಿಸಿದ ಮೇಲೆ ಅದು ಕಳಚಿತಂತೆ. ಅಷ್ಟು ದೊಡ್ಡ ತಪಸ್ವಿಗೂ ಆ ಮುಳ್ಳನ್ನು ಒಬ್ಬನೇ ತೆಗೆದುಕೊಳ್ಳಲು ಆಗಲಿಲ್ಲ, ಅಣ್ಣ ಬರಬೇಕಾಯಿತು. ನಿಮ್ಮ ಮನೆಯಲ್ಲಿ ಅಣ್ಣ ನೀವೇ.

ತಡ ಮಾಡಬೇಡಿ ಎನ್ನಲು ನನಗೊಂದು ಕಾರಣವಿದೆ. ನಾನೂ ಹುಡುಗರಿಗೆ ಈ ವಿದ್ಯೆಯನ್ನು ಹೇಳಿಕೊಡಲು ಆರಂಭಿಸಿದ ಹೊಸತರಲ್ಲಿ, ಅಭ್ಯಾಸದ ನಡುವೆ ನಕ್ಕನೆಂಬ ಸಿಟ್ಟಿಗೆ ಒಬ್ಬ ವಿದ್ಯಾರ್ಥಿಗೆ ಪಾಠದ ನೆಪದಲ್ಲಿ ಬಲವಾಗಿ ಹೊಡೆದೆ. ಅವನು ಮರುದಿನದಿಂದ ಬರಲಿಲ್ಲ. ತಪ್ಪು ನನ್ನದೆಂದು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು, ಮತ್ತು ಅವನ ಮನೆಗೆ ಹೋದಾಗ ಆ ಕುಟುಂಬ ಊರು ಬಿಟ್ಟಿತ್ತು. ಆ ಬಾಗಿಲಿನ ಮುಂದೆ ನಿಂತ ಸಂಜೆ ನನಗೆ ಈಗಲೂ ನೆನಪಿದೆ. ನಿಮ್ಮ ತಮ್ಮ ಇನ್ನೂ ಅದೇ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಅಡಿಕೆ ನೆನೆದ ವಿಷಯವನ್ನು ನಡುವೆ ತರದೆ, ‘ನಾನು ಹೊಡೆದದ್ದು ತಪ್ಪು’ ಎಂದಷ್ಟೇ ಅವನಿಗೆ ಹೇಳಿ. ಆಮೇಲೆ ತರಗತಿಗೆ ಹೋಗಿ, ಗುರುಗಳಿಗೆ ನಡೆದದ್ದನ್ನು ನೀವೇ ತಿಳಿಸಿ.

ಪ್ರಶ್ನೆ: ಹತ್ತು ವರ್ಷದ ಮಗಳು ಕರಾಟೆ ಕಲಿಯುತ್ತೇನೆ ಎನ್ನುತ್ತಾಳೆ. ಮನೆಯ ಹಿರಿಯರು, ಹೆಣ್ಣುಮಗು ಒರಟಾಗುತ್ತದೆ ಎಂದು ಬೇಡವೆನ್ನುತ್ತಾರೆ. ಏನು ಮಾಡಲಿ?
– ಓದುಗರು, ಭದ್ರಾವತಿ

ಉತ್ತರ: ಕಳುಹಿಸಿ, ಅಮ್ಮ. ಆದರೆ ಶುಲ್ಕ ಕಟ್ಟುವ ಮುನ್ನ ಮೂರು ದಿನ ಆ ತರಗತಿಯ ಮೂಲೆಯಲ್ಲಿ ಕುಳಿತು, ಸೋತ ಮಗುವಿನೊಡನೆ ಗುರುಗಳು ಹೇಗೆ ಮಾತಾಡುತ್ತಾರೆ ಎಂಬುದನ್ನು ನೋಡಿ. ಸೋತವರನ್ನು ನೋಡಿ ಉಳಿದವರು ನಗುವ ಜಾಗದಲ್ಲಿ ಮಕ್ಕಳು ಖಂಡಿತ ಒರಟಾಗುತ್ತಾರೆ, ಹುಡುಗನಾದರೂ ಸರಿ, ಹುಡುಗಿಯಾದರೂ ಸರಿ. ಹಿರಿಯರಿಗೆ ಕೆಳದಿಯ ಚೆನ್ನಮ್ಮನನ್ನು ನೆನಪಿಸಿ. ಮೊಗಲರ ಸೇನೆ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸಿಟ್ಟನ್ನು ಎದುರಿಸಿದ ರಾಣಿ ನಮ್ಮ ಸೀಮೆಯವಳು. ಶರಣು ಬಂದವರನ್ನು ಕಾಯಲು ಬಲ ಬೇಕಾಗುತ್ತದೆ ಎಂಬುದು ಅವರಿಗೂ ತಿಳಿದ ವಿಷಯವೇ.

ಪ್ರಶ್ನೆ: ನನಗೆ 68 ವರ್ಷ. ಯೌವನದಲ್ಲಿ ಗರಡಿಯಲ್ಲಿ ಸಾಮು ಮಾಡಿದವನು. ಈಗ ಮೊಣಕಾಲು ನೋವು. ಎರಡು ವರ್ಷದ ಹಿಂದೆ ಮನೆಯವಳು ತೀರಿಕೊಂಡಳು. ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಏಕೆ ಏಳಬೇಕೆಂದು ತಿಳಿಯುವುದಿಲ್ಲ. ಮೈ ಸೋತ ಮೇಲೆ ಸಾಧನೆಗೆ, ಬದುಕಿಗೆ ಏನು ಅರ್ಥ ಉಳಿಯುತ್ತದೆ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೆ ಉತ್ತರ ಹೇಳುವಷ್ಟು ದೊಡ್ಡವನು ನಾನಲ್ಲ. ಅದಕ್ಕಿಂತ ಮುಂಚಿನ ಸಾಲು, ನಾಲ್ಕೂವರೆಯ ಎಚ್ಚರ, ನನಗೆ ಚೆನ್ನಾಗಿ ಗೊತ್ತು. ಅದು ನಿಮ್ಮ ಗರಡಿಯ ಅಭ್ಯಾಸ. ಐವತ್ತು ವರ್ಷ ಕಳೆದರೂ ಮೈ ಅದನ್ನು ಬಿಟ್ಟುಕೊಟ್ಟಿಲ್ಲ.

ಜೂಡೋದಲ್ಲಿ ಎದುರಾಳಿಯನ್ನು ಕೆಡಹುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ ನೋಡಿಕೊಂಡು, ಅಂಗೈಯಿಂದ ಮೊಣಕೈವರೆಗಿನ ತೋಳನ್ನು ಚಾಪೆಗೆ ಬಡಿದು, ಬಿದ್ದ ಭಾರವನ್ನು ಮೈಯೆಲ್ಲ ಹಂಚಿಕೊಳ್ಳುವ ಕ್ರಮ ಅದು. ಬೀಳುವುದಿಲ್ಲವೆಂದು ಬಿಗಿಯಾಗಿ ನಿಂತು ಕೈ ಊರಿದವನ ಮಣಿಕಟ್ಟೇ ಮೊದಲು ಮುರಿಯುತ್ತದೆ. ಹೆಂಡತಿಯ ಅಗಲಿಕೆಯ ಭಾರವನ್ನು ನೀವು ಎರಡು ವರ್ಷಗಳಿಂದ ಒಂದೇ ಕೈಯಲ್ಲಿ ತಡೆದು ನಿಂತಿದ್ದೀರಿ ಎಂದು ನನಗೆ ಅನಿಸುತ್ತದೆ. ಆ ನೋವನ್ನು ಮಕ್ಕಳೊಡನೆ, ಹಳೆಯ ಜೊತೆಗಾರರೊಡನೆ ಬಾಯಿಬಿಟ್ಟು ಹೇಳಿಕೊಳ್ಳಿ. ಪೈಲ್ವಾನರಾಗಿದ್ದವರಿಗೆ ಇದು ಎಷ್ಟು ಕಷ್ಟವೆಂದು ಬಲ್ಲೆ. ಏಳುವ ಮನಸ್ಸೇ ಇಲ್ಲದ ದಿನಗಳು ಹೆಚ್ಚಾದರೆ, ಮೊಣಕಾಲನ್ನು ತೋರಿಸುವಾಗ ಅದನ್ನೂ ವೈದ್ಯರಿಗೆ ತಿಳಿಸಿ.

ನನಗೂ ಈಗ ಕಾಲು ಎತ್ತಿ ಒದೆಯಲು ಆಗುವುದಿಲ್ಲ. ಆದರೂ ಬೆಳಗ್ಗೆ ತರಗತಿಗೆ ಹೋಗುತ್ತೇನೆ. ಚಿಕ್ಕ ಮಕ್ಕಳ ಸಡಿಲವಾದ ಪಟ್ಟಿಗಳನ್ನು ಕಟ್ಟಿಕೊಡುತ್ತೇನೆ, ತಪ್ಪಾಗಿ ನಿಂತವರ ಪಾದವನ್ನು ನನ್ನ ಊರುಗೋಲಿನಿಂದ ಸರಿಪಡಿಸುತ್ತೇನೆ. ನಿಮ್ಮ ಉಸ್ತಾದರು ಕೊನೆಯ ವರ್ಷಗಳಲ್ಲಿ ಕುಸ್ತಿಯ ಮಣ್ಣಿನ ಕಣವಾದ ಮಟ್ಟಿಯ ಅಂಚಿನಲ್ಲಿ ಕುಳಿತು ಇದನ್ನೇ ಮಾಡುತ್ತಿದ್ದಿರಬೇಕು, ನೆನಪಿಸಿಕೊಳ್ಳಿ. ಅವರ ಕಣ್ಣು ತಮ್ಮ ಮೇಲಿದೆ ಎಂಬುದಕ್ಕಾಗಿಯೇ ನೀವೆಲ್ಲ ಇನ್ನೂ ಹತ್ತು ಬಸ್ಕಿ ಹೆಚ್ಚು ಹೊಡೆದಿರುತ್ತೀರಿ.

ಶಿವಮೊಗ್ಗದಲ್ಲಿ ದಸರಾ ಕುಸ್ತಿಯ ದಿನಗಳು ಬರುತ್ತವೆ. ಅದಕ್ಕೆ ಮುಂಚೆ ಯಾವುದಾದರೊಂದು ಗರಡಿಯಲ್ಲಿ ಮಟ್ಟಿಯನ್ನು ಅಗೆದು, ಕಲ್ಲು ಹೆಕ್ಕಿ, ಮಣ್ಣನ್ನು ಹದ ಮಾಡುವ ಕೆಲಸ ಇದ್ದೇ ಇರುತ್ತದೆ. ಗುದ್ದಲಿ ಹಿಡಿಯಲು ಮೊಣಕಾಲು ಬಿಡದಿದ್ದರೆ ಹುಡುಗರು ಅಗೆಯಲಿ. ಕಲ್ಲು ಹೆಕ್ಕುವುದನ್ನು, ಮಣ್ಣಿನ ಹದ ಬೆರಳಲ್ಲಿ ಹಿಡಿದು ನೋಡುವುದನ್ನು ಕುಳಿತೇ ಮಾಡಬಹುದು. ನಾಳೆ ಎಚ್ಚರವಾದಾಗ ಅಲ್ಲಿಗೆ ಹೋಗಿ ಬನ್ನಿ.