ಅಂಗಳದ ಮಾತು: ಮೊದಲ ದಾರಿ ಮುಚ್ಚಿದ ಮೇಲೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ (ಲೀಗ್ ಪಂದ್ಯಗಳು ಮುಗಿದ ಮೇಲಿನ ನಾಕೌಟ್ ಹಂತ) ಕುರಿತು ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬ್ಯಾಸ್ಕೆಟ್‌ಬಾಲ್ ಬಗ್ಗೆ ನಮ್ಮ ಜಿಲ್ಲೆಯಿಂದಲೇ ಇಷ್ಟು ಕಾಗದ ಬಂದದ್ದು ನೋಡಿ, ಶಿವಮೊಗ್ಗದಲ್ಲೇ ಮಕ್ಕಳಿಗೆ ಆಟ ಹೇಳಿಕೊಟ್ಟು ನಿವೃತ್ತಳಾದ ನನಗೆ ಬಹಳ ಸಂತೋಷವಾಗಿದೆ.

ಪ್ರ: ಮೇಡಂ, ಲೀಗ್‌ನಲ್ಲಿ ಎಲ್ಲರನ್ನೂ ಸೋಲಿಸಿಕೊಂಡು ಬಂದ ತಂಡ ಪ್ಲೇಆಫ್‌ನಲ್ಲಿ ತಡವರಿಸುತ್ತದಲ್ಲ, ಯಾಕೆ? ಅದೇ ಆಟಗಾರರು, ಅದೇ ಕೋಚ್. ಒತ್ತಡಕ್ಕೆ ಹೆದರುತ್ತಾರಾ?
— ಪದವಿ ವಿದ್ಯಾರ್ಥಿ, ಸಾಗರ

ಉ: ಹೆದರಿಕೆಗಿಂತ ದೊಡ್ಡ ಕಾರಣ ವೇಳಾಪಟ್ಟಿಯಲ್ಲಿದೆ. ಲೀಗ್‌ನಲ್ಲಿ ಒಂದು ತಂಡ 82 ಪಂದ್ಯ ಆಡುತ್ತದೆ. ಇವತ್ತು ಒಂದೂರು, ನಾಳೆ ಇನ್ನೊಂದೂರು. ಎದುರಾಳಿಯ ಆಟವನ್ನು ಕೂತು ಅಭ್ಯಾಸ ಮಾಡುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ. ಪ್ಲೇಆಫ್‌ನಲ್ಲಿ ಹಾಗಲ್ಲ. ಎರಡು ವಾರದ ಆಸುಪಾಸಿನಲ್ಲಿ ಅದೇ ಎದುರಾಳಿ ಏಳು ಸಲದವರೆಗೂ ಎದುರು ನಿಲ್ಲುತ್ತಾನೆ, ನಾಲ್ಕು ಗೆದ್ದವರು ಮುಂದಕ್ಕೆ. ಮೊದಲ ಪಂದ್ಯ ಮುಗಿದ ರಾತ್ರಿಯೇ ಅವರ ಕೋಚ್‌ಗಳು ವಿಡಿಯೊ ಹಾಕಿಕೊಂಡು ಕೂರುತ್ತಾರೆ. ನಿಮ್ಮ ಮೆಚ್ಚಿನ ಆಟ ಯಾವುದು, ಅದನ್ನು ಮುಚ್ಚುವುದು ಹೇಗೆ, ನಿಮ್ಮ ಐವರಲ್ಲಿ ಡಿಫೆನ್ಸ್‌ನಲ್ಲಿ ಸೋಲುವವರು ಯಾರು ಎಂದು ಹುಡುಕುತ್ತಾರೆ. ಹುಡುಕಿದವರು ಮುಂದಿನ ಪಂದ್ಯದಲ್ಲಿ ಅದನ್ನೇ ಮತ್ತೆ ಮತ್ತೆ ಕೆದಕುತ್ತಾರೆ.

2016ರ ಫೈನಲ್ ನೋಡಿ. ಗೋಲ್ಡನ್ ಸ್ಟೇಟ್ ಆ ವರ್ಷ ಲೀಗ್‌ನಲ್ಲಿ 73 ಪಂದ್ಯ ಗೆದ್ದಿತ್ತು, ಅದಕ್ಕೆ ಮೊದಲು ಯಾರೂ ಅಷ್ಟು ಗೆದ್ದಿರಲಿಲ್ಲ. ಫೈನಲ್‌ನಲ್ಲೂ 3–1 ಮುಂದಿತ್ತು. ಅಲ್ಲಿಂದ ಕ್ಲೀವ್‌ಲ್ಯಾಂಡ್ ಸತತ ಮೂರು ಗೆದ್ದು ಕಪ್ ಎತ್ತಿತು. ಐದನೇ ಪಂದ್ಯಕ್ಕೆ ಗೋಲ್ಡನ್ ಸ್ಟೇಟ್‌ನ ಡ್ರೇಮಂಡ್ ಗ್ರೀನ್ ಅಮಾನತಾಗಿದ್ದು ದೊಡ್ಡ ಪೆಟ್ಟೇ, ಇಲ್ಲ ಎನ್ನುವುದಿಲ್ಲ. ಆದರೆ ಅಂಗಳದೊಳಗೆ ನಡೆದದ್ದು ಇದು: ಗೋಲ್ಡನ್ ಸ್ಟೇಟ್‌ನ ಸ್ಟೀಫನ್ ಕರಿ ಯಾರಿಗೆ ಕಾವಲಿದ್ದನೋ ಅವನನ್ನೇ ಕರೆಸಿ ಸ್ಕ್ರೀನ್ ಹಾಕಿಸುವುದು, ಅಂದರೆ ಚೆಂಡು ಹಿಡಿದವನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲಿಸುವುದು. ಸ್ಕ್ರೀನ್ ಬಿದ್ದಾಗ ಕಾಯುವವರು ಅದಲುಬದಲಾಗುತ್ತಾರೆ, ಕರಿ ಬಂದು ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಎದುರೋ ಕೈರಿ ಅರ್ವಿಂಗ್ ಎದುರೋ ಒಬ್ಬನೇ ನಿಲ್ಲಬೇಕಾಗುತ್ತದೆ. ಏಳನೇ ಪಂದ್ಯದಲ್ಲಿ 89–89 ಆದ ಮೇಲೆ ಮೂರೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಎರಡೂ ಕಡೆ ಒಂದು ಅಂಕ ಹುಟ್ಟಲಿಲ್ಲ. ಕೊನೆಗೆ 53 ಸೆಕೆಂಡ್ ಉಳಿದಿದ್ದಾಗ ಅರ್ವಿಂಗ್ ಹೊಡೆದ ಮೂರು ಅಂಕದ ಶಾಟ್ ಎಲ್ಲರಿಗೂ ನೆನಪಿದೆ. ಆ ಶಾಟ್‌ಗೆ ಮುಂಚಿನ ಐದಾರು ಸೆಕೆಂಡ್ ತೆಗೆದು ನೋಡಿ. ಜೆ. ಆರ್. ಸ್ಮಿತ್ ಬಂದು ಸ್ಕ್ರೀನ್ ಹಾಕುತ್ತಾನೆ, ಅರ್ವಿಂಗ್‌ನನ್ನು ಕಾಯುತ್ತಿದ್ದ ಕ್ಲೇ ಥಾಂಪ್ಸನ್ ಸರಿಯುತ್ತಾನೆ, ಎದುರಿಗೆ ಕರಿ ಬಂದು ನಿಲ್ಲುತ್ತಾನೆ. ಇಡೀ ಸರಣಿ ಮಾಡಿದ ಕೆಲಸವನ್ನೇ ಆ ಕ್ಷಣದಲ್ಲೂ ಮಾಡಿದರು. ಅದು ಅದೃಷ್ಟದ ಶಾಟ್ ಎಂದು ಯಾರಾದರೂ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದಕ್ಕೆ ಮದ್ದಿಲ್ಲವೇ ಅಂದರೆ, ಇದೆ. ಅದರ ಹಿಂದಿನ ವರ್ಷ, 2015ರಲ್ಲಿ, ಇದೇ ಎರಡು ತಂಡಗಳ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ 1–2 ಹಿಂದಿತ್ತು. ಕೋಚ್ ಸ್ಟೀವ್ ಕೆರ್ ನಾಲ್ಕನೇ ಪಂದ್ಯಕ್ಕೆ ಎತ್ತರದ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ, ಅವನ ಜಾಗಕ್ಕೆ ಆಂಡ್ರೆ ಇಗ್ವೊಡಾಲನನ್ನು ಇಳಿಸಿದರು. ಆ ವರ್ಷ ಲೀಗ್‌ನ ಒಂದೇ ಒಂದು ಪಂದ್ಯವನ್ನೂ ಮೊದಲ ಐವರಲ್ಲಿ ಆರಂಭಿಸದೇ ಇದ್ದ ಆಟಗಾರ ಅವನು. ಈ ಉಪಾಯ ಹೇಳಿದ್ದು ನಿಕ್ ಯುರೆನ್ ಎಂಬ 28ರ ಸಹಾಯಕ, 2014ರ ಫೈನಲ್‌ನಲ್ಲಿ ಸ್ಯಾನ್ ಆಂಟೋನಿಯೊ ಇಂಥದೇ ಬದಲಾವಣೆ ಮಾಡಿದ್ದನ್ನು ವಿಡಿಯೊದಲ್ಲಿ ನೋಡಿ. ಅಲ್ಲಿಂದ ಮೂರೂ ಪಂದ್ಯ ಗೆದ್ದರು, ಫೈನಲ್‌ನ ಶ್ರೇಷ್ಠ ಆಟಗಾರ ಇಗ್ವೊಡಾಲನೇ ಆದ.

ಅನುಭವ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಇದೇ ಎಂದು ನನ್ನ ನಂಬಿಕೆ. ನಿಮ್ಮ ಮೊದಲ ದಾರಿಯನ್ನು ಎದುರಾಳಿ ಮುಚ್ಚಿದಾಗ ಎರಡನೆಯದು ಕೈಯಲ್ಲಿರಬೇಕು. ನಮ್ಮ ಕಡೆ ಅಡಿಕೆ ಕೊನೆ ತೆಗೆಯುವವರು ಮರದಿಂದ ಮರಕ್ಕೆ ಜೀಕುವಾಗ, ಮುಂದಿನ ಮರ ಕೈಗೆ ಸಿಕ್ಕಿದ ಮೇಲೆಯೇ ಹಿಂದಿನದನ್ನು ಬಿಡುತ್ತಾರಲ್ಲ, ಹಾಗೆ. ಲೀಗ್‌ನಲ್ಲಿ ಒಂದೇ ದಾರಿಯಲ್ಲಿ ಅರವತ್ತು ಪಂದ್ಯ ಗೆಲ್ಲಬಹುದು. ಪ್ಲೇಆಫ್‌ನಲ್ಲಿ ಅದು ಸಾಲುವುದಿಲ್ಲ.

ಪ್ರ: ಹಾಗಾದರೆ ವಯಸ್ಸಿಗೆ ಬೆಲೆ ಇಲ್ಲವೇ? ನಾವು ಆಡುವ ಕಾಲದಲ್ಲಿ ಫೈನಲ್‌ಗೆ ಹಳಬರನ್ನೇ ಇಳಿಸುತ್ತಿದ್ದರು. ಈಗ ಹುಡುಗರ ತಂಡ ಕಪ್ ಗೆಲ್ಲುತ್ತಿದೆ.
— ಹಳೆಯ ಆಟಗಾರರು, ಭದ್ರಾವತಿ

ಉ: ನೀವು ಹೇಳುತ್ತಿರುವುದು 2025ರ ಒಕ್ಲಹೋಮ ಸಿಟಿ ತಂಡವನ್ನು ಅಂದುಕೊಳ್ಳುತ್ತೇನೆ. ಅಷ್ಟು ಎಳೆಯ ತಂಡ ಗೆದ್ದಿದ್ದು 1977ರ ಪೋರ್ಟ್‌ಲ್ಯಾಂಡ್ ನಂತರ ಅದೇ ಮೊದಲು. ಆದರೆ ಸರ್, ಡೆನ್ವರ್ ವಿರುದ್ಧ ಅವರು ಆಡಿದ ಏಳನೇ ಪಂದ್ಯ ನೋಡಿದ್ದೀರಾ? ಡೆನ್ವರ್‌ನ ನಿಕೊಲಾ ಯೋಕಿಚ್ ಆರಡಿ ಹನ್ನೊಂದು ಅಂಗುಲದ ಆಳು, ಚೆಂಡು ಅವನ ಕೈ ಸೇರಿದರೆ ಅರ್ಧ ಆಟ ಮುಗಿದ ಹಾಗೆ. ಅವನನ್ನು ಕಾಯಲು ಹಾಕಿದ್ದು ಆರಡಿ ಐದಂಗುಲದ ಅಲೆಕ್ಸ್ ಕರೂಸೊನನ್ನು! ಕರೂಸೊ ಬೆನ್ನ ಹಿಂದೆ ನಿಲ್ಲಲಿಲ್ಲ, ಎದುರಿಗೆ ಬಂದು ಪಾಸ್ ಬರುವ ದಾರಿಯಲ್ಲೇ ನಿಂತ. ತಲೆ ಮೇಲಿಂದ ಎತ್ತಿ ಕೊಟ್ಟರೆ ಹಿಡಿಯಲು ಹಿಂದೆ ಎತ್ತರದವರು ಕಾಯುತ್ತಿದ್ದರು. 125–93ರಲ್ಲಿ ಗೆದ್ದರು. ಕರೂಸೊಗೆ ಆಗ 31, ಮತ್ತು 2020ರಲ್ಲೇ ಲಾಸ್ ಏಂಜಲೀಸ್ ಲೇಕರ್ಸ್ ಜೊತೆ ಕಪ್ ಗೆದ್ದವನು. ಹುಡುಗರ ತಂಡವೇ ಹೌದು, ಅವರ ಮಧ್ಯೆ ಒಬ್ಬ ಹಳಬನನ್ನು ಬೇಕೆಂದೇ ತಂದಿಟ್ಟುಕೊಂಡಿದ್ದರು.

ಇನ್ನೊಂದು ಉದಾಹರಣೆ ಬೇಕಿದ್ದರೆ 2013ರ ಫೈನಲ್‌ನ ಆರನೇ ಪಂದ್ಯ. ಸ್ಯಾನ್ ಆಂಟೋನಿಯೊ ಗೆದ್ದೇಬಿಟ್ಟಿತು ಎಂಬ ಹೊತ್ತು. ಮಯಾಮಿಗೆ ಮೂರಂಕ ಬೇಕು. ಕ್ರಿಸ್ ಬಾಷ್ ರಿಬೌಂಡ್ (ತಪ್ಪಿ ಪುಟಿದ ಚೆಂಡು) ಹಿಡಿದ, 37 ವರ್ಷದ ರೇ ಆಲನ್ ರಿಂಗ್ ಕೆಳಗಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೂಲೆಗೆ ಹೋಗಿ, ಮೂರಂಕದ ಗೆರೆ ನೋಡದೆಯೇ ಗೆರೆಯಾಚೆ ನಿಂತು ಹೊಡೆದ. ಉಳಿದಿದ್ದು 5.2 ಸೆಕೆಂಡ್. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು, ಮಯಾಮಿ ಅದನ್ನೂ ಏಳನೆಯದನ್ನೂ ಗೆದ್ದಿತು. ಆ ಹಿಂಬದಿ ಹೆಜ್ಜೆಯನ್ನು ಆಲನ್ ಮೊದಲಿಂದ ಅಭ್ಯಾಸ ಮಾಡಿದ್ದ. ರಿಂಗ್ ಕೆಳಗೆ ನೆಲದ ಮೇಲೆ ಮಲಗುವುದು, ಎದ್ದು ಹಿಂದಕ್ಕೆ ಓಡುವುದು, ಮೂಲೆಯಲ್ಲಿ ಚೆಂಡು ಹಿಡಿದು ಹೊಡೆಯುವುದು. ವಯಸ್ಸಾಗುತ್ತಾ ಹೋದರೆ ಇದು ತಾನಾಗಿ ಬರುವುದಿಲ್ಲ, ನೀವೂ ಆಡಿದವರು, ನಿಮಗೆ ಗೊತ್ತಿರುತ್ತದೆ.

ಪ್ರ: ನಾನು ಹೈಸ್ಕೂಲ್ ತಂಡದ ಕ್ಯಾಪ್ಟನ್. ತಾಲ್ಲೂಕು ಫೈನಲ್‌ನಲ್ಲಿ ಕೊನೆಗೆ ಎರಡು ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಶಾಟ್) ಸಿಕ್ಕಿತು, ಎರಡೂ ಮಿಸ್ ಆಯಿತು, ಒಂದೇ ಪಾಯಿಂಟ್‌ನಲ್ಲಿ ಸೋತೆವು. ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿಯೇ ಹಾಕುತ್ತೇನೆ ಮೇಡಂ. ಏನು ಮಾಡಲಿ?
— ವಿದ್ಯಾರ್ಥಿನಿ, ತೀರ್ಥಹಳ್ಳಿ

ಉ: ಮೊದಲನೆಯದಾಗಿ ಪುಟ್ಟಿ, ಆ ಎರಡು ಶಾಟ್ ಬರುವಷ್ಟರಲ್ಲಿ ನಿಮ್ಮ ತಂಡ ಇನ್ನೆಷ್ಟು ಲೇ-ಅಪ್ (ರಿಂಗ್ ಹತ್ತಿರದ ಸುಲಭ ಶಾಟ್) ಬಿಟ್ಟಿತ್ತು, ಎಷ್ಟು ಪಾಸ್ ಕೊಟ್ಟು ಕಳೆದುಕೊಂಡಿತ್ತು, ಅದನ್ನೂ ಲೆಕ್ಕ ಹಾಕು. ಸೋಲು ನಿನ್ನೊಬ್ಬಳದಲ್ಲ. 1995ರ ಫೈನಲ್‌ನ ಮೊದಲ ಪಂದ್ಯದಲ್ಲಿ ಒರ್ಲ್ಯಾಂಡೊದ ನಿಕ್ ಆಂಡರ್ಸನ್ ಕೊನೆಯ ಹತ್ತು ಸೆಕೆಂಡ್‌ನ ಆಸುಪಾಸಿನಲ್ಲಿ ಸಾಲಾಗಿ ನಾಲ್ಕು ಫ್ರೀ ಥ್ರೋ ತಪ್ಪಿಸಿದ. ಒಂದು ಬಿದ್ದಿದ್ದರೂ ಸಾಕಿತ್ತು. ಅದೇ ನೋವನ್ನು ಅವನು ವರ್ಷಗಟ್ಟಲೆ ಹೊತ್ತ, ಒಂದು ಋತುವಿನಲ್ಲಿ ಅವನ ಫ್ರೀ ಥ್ರೋ ನೂರಕ್ಕೆ ನಲವತ್ತಕ್ಕೆ ಇಳಿಯಿತು. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಂಥ ದೊಡ್ಡ ಆಟಗಾರನಿಗೂ ಆಗುತ್ತದೆ, ಮತ್ತು ಅದನ್ನು ಹೊತ್ತುಕೊಂಡು ತಿರುಗಬಾರದು, ಅಷ್ಟಕ್ಕೆ.

ಈಗ ಕೆಲಸ. ಪ್ರಾಕ್ಟೀಸ್‌ನಲ್ಲಿ ಒಂದೇ ಕಡೆ ನಿಂತು ಐವತ್ತು ಹಾಕುತ್ತೀಯ ಅನಿಸುತ್ತದೆ. ಐವತ್ತನೆಯದು ಬೀಳುವ ಹೊತ್ತಿಗೆ ಕೈಗೆ ಲಯ ಹತ್ತಿರುತ್ತದೆ, ಉಸಿರು ಸಮ ಇರುತ್ತದೆ. ಪಂದ್ಯದಲ್ಲಿ ಹಾಗೆ ಸಿಗುವುದಿಲ್ಲ. ಅದಕ್ಕೇ ಅಂಗಳದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡು, ಏದುಸಿರು ಇರುವಾಗಲೇ ಬಂದು ಎರಡೇ ಎರಡು ಹಾಕು. ಬಿತ್ತೋ ಬಿಡ್ತೋ, ಮತ್ತೆ ಓಡು. ಗೆಳತಿಯರು ರಿಂಗ್ ಹಿಂದೆ ನಿಂತು ಕಿರುಚಲಿ. ಗೆರೆಯ ಮೇಲೆ ನಿಂತಾಗ ಮಾಡುವುದನ್ನು ಒಂದೇ ಥರ ಇಟ್ಟುಕೋ: ಎರಡು ಸಲ ಪುಟಿಸು, ಉಸಿರು ಬಿಡು, ರಿಂಗಿನ ಹಿಂಬದಿ ಅಂಚು ನೋಡು, ಹಾಕು. ನಮ್ಮ ನಿಯಮದಲ್ಲಿ ಇದಕ್ಕೆಲ್ಲ ಇರುವುದು 5 ಸೆಕೆಂಡ್, ಎನ್‌ಬಿಎ ಥರ 10 ಅಲ್ಲ, ಹಾಗಾಗಿ ಮೂರು-ನಾಲ್ಕು ಸಲ ಪುಟಿಸುವ ಅಭ್ಯಾಸ ಬೇಡ.

ನಿಮ್ಮ ಕಡೆ ಮಳೆಗಾಲದಲ್ಲಿ ಸಿಮೆಂಟ್ ಅಂಗಳಕ್ಕೆ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜದೆ ಆ ಓಟ ಓಡಬೇಡ, ಕಾಲು ಮುರಿದೀತು. ಪಿ.ಟಿ. ಮೇಷ್ಟ್ರಿಗೆ ನಾನು ಹೇಳಿದೆ ಅಂತ ಹೇಳು.

ಪ್ರ: ಕೊನೆಯ ಹತ್ತು ಸೆಕೆಂಡ್, ಒಂದು ಪಾಯಿಂಟ್ ಹಿಂದೆ, ಚೆಂಡು ನಮ್ಮದು. ಟೈಮ್‌ಔಟ್ ಕೇಳಬೇಕೇ, ಬೇಡವೇ?
— ದೈಹಿಕ ಶಿಕ್ಷಕರು, ಕೊಪ್ಪ

ಉ: 2025ರ ಫೈನಲ್‌ನ ಮೊದಲ ಪಂದ್ಯದಲ್ಲಿ ಇಂಡಿಯಾನಾ ಸರಿಯಾಗಿ ಇದೇ ಸ್ಥಿತಿಯಲ್ಲಿತ್ತು. ಕೋಚ್ ರಿಕ್ ಕಾರ್ಲೈಲ್, 2011ರಲ್ಲಿ ಡಲ್ಲಾಸ್‌ಗೆ ಕಪ್ ತಂದುಕೊಟ್ಟವರು, ಟೈಮ್‌ಔಟ್ ಕೇಳಲಿಲ್ಲ. ಎದುರಾಳಿ ಡಿಫೆನ್ಸ್ ಜೋಡಿಸಿಕೊಳ್ಳುವ ಮೊದಲೇ ಟೈರೀಸ್ ಹ್ಯಾಲಿಬರ್ಟನ್ ಓಡಿ ಹೋಗಿ, 0.3 ಸೆಕೆಂಡ್ ಉಳಿದಾಗ ಹೊಡೆದ. 111–110. ಆ ಪಂದ್ಯದಲ್ಲಿ ಇಂಡಿಯಾನಾ ಮುಂದೆ ಹೋದದ್ದು ಅದೊಂದೇ ಸಲ.

ಟೈಮ್‌ಔಟ್ ತೆಗೆದುಕೊಂಡರೆ ನಿಮ್ಮಷ್ಟೇ ಪುರಸೊತ್ತು ಎದುರಿನವರಿಗೂ ಸಿಗುತ್ತದೆ. ಅವರ ಒಳ್ಳೆಯ ಡಿಫೆಂಡರ್ ಬೆಂಚಿನಿಂದ ಎದ್ದು ಬರುತ್ತಾನೆ. ಅದೂ ಅಲ್ಲದೆ ಸರ್, ನಾವಾಡುವ ಅಂತರರಾಷ್ಟ್ರೀಯ ನಿಯಮದಲ್ಲಿ ರಿಬೌಂಡ್ ಹಿಡಿದು ಚೆಂಡು ಆಟದಲ್ಲಿರುವಾಗ ಟೈಮ್‌ಔಟ್ ಸಿಗುವುದೇ ಇಲ್ಲ. ಎದುರಾಳಿ ಬ್ಯಾಸ್ಕೆಟ್ ಹಾಕಿದಾಗ ಅಥವಾ ಸೀಟಿ ಊದಿ ಆಟ ನಿಂತಾಗ ಮಾತ್ರ. ಹಾಗೆ ಸಿಕ್ಕರೆ, ಕೊನೆಯ ಎರಡು ನಿಮಿಷದಲ್ಲಿ ಚೆಂಡನ್ನು ಎದುರಾಳಿಯ ಅರ್ಧದಿಂದ ಒಳಗೆಸೆಯುವ ಅವಕಾಶವಿದೆ, ಅದು ಲಾಭ, ತೆಗೆದುಕೊಳ್ಳಿ. ರಿಬೌಂಡ್ ಆಗಿದ್ದರೆ ಯಾರು ಚೆಂಡು ಒಯ್ಯಬೇಕು, ಉಳಿದ ನಾಲ್ವರು ಎಲ್ಲಿ ನಿಲ್ಲಬೇಕು ಎಂಬುದನ್ನು ವಾರಕ್ಕೊಮ್ಮೆಯಾದರೂ ಗಡಿಯಾರ ಹಿಡಿದು ಆಡಿಸಿ. ಆ ಹತ್ತು ಸೆಕೆಂಡ್‌ನಲ್ಲಿ ನೀವು ಬದಿಯಿಂದ ಕೂಗಿದ್ದು ಮಕ್ಕಳ ಕಿವಿಗೆ ಬೀಳುವುದಿಲ್ಲ.

ಪ್ರ: 0–3 ಹಿಂದಿದ್ದು ಸರಣಿ ಗೆದ್ದವರು ಇದ್ದಾರಾ?
— ಶಿಕಾರಿಪುರ

ಉ: ಎನ್‌ಬಿಎಯಲ್ಲಿ ಇಲ್ಲ. 2023ರಲ್ಲಿ ಬಾಸ್ಟನ್ ಮಯಾಮಿ ವಿರುದ್ಧ 3–3 ಮಾಡಿತು, ಏಳನೆಯದರಲ್ಲಿ ಸೋತಿತು.

ಪ್ರ: ಫೈನಲ್ ನಮಗೆ ಎಷ್ಟು ಹೊತ್ತಿಗೆ? ಮಳೆ ಹಿಡಿದರೆ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.
— ಹೊಸನಗರ

ಉ: ಜೂನ್‌ನಲ್ಲಿ ನಮ್ಮ ಬೆಳಗಿನ ಆರು ಗಂಟೆ ಸುಮಾರಿಗೆ. ಕರೆಂಟ್ ಹೋದರೆ ಬೇಜಾರು ಬೇಡ, ಸಂಜೆ ಅಂಕ ಗೊತ್ತಾದ ಮೇಲೆ ನೋಡಿದರೂ ಕಲಿಯುವುದು ಕಡಿಮೆಯಾಗುವುದಿಲ್ಲ. ನಾಲ್ಕನೇ ಕ್ವಾರ್ಟರ್ ಎರಡು ಸಲ ಹಾಕಿಕೊಳ್ಳಿ. ಮೊದಲ ಸಲ ಚೆಂಡು ನೋಡಿ. ಎರಡನೇ ಸಲ ಚೆಂಡು ಬಿಟ್ಟು, ಪ್ರತಿ ಬಾರಿ ಸ್ಕ್ರೀನ್ ಹಾಕಲು ಯಾರು ಬರುತ್ತಾರೆ, ಅವರನ್ನು ಕಾಯುತ್ತಿರುವವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ಹೆಸರು ನಾಲ್ಕೈದು ಸಲ ಬಂದರೆ ಆ ಹಾಳೆಯನ್ನು ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಮಾತಾಡೋಣ.