ಜಾಹೀರಾತಿನಲ್ಲಿ ಎದುರಾಳಿಯ ಹೆಸರು ಹೇಳಬಹುದಾ?

ಪ್ರಶ್ನೆ: ಮೊದಲೆಲ್ಲ ಟಿವಿ ಜಾಹೀರಾತಿನಲ್ಲಿ ‘ಬೇರೆ ಪೌಡರ್’ ಎಂದು ಹೇಳಿ ಪ್ಯಾಕೆಟ್ ಮಸುಕಾಗಿ ತೋರಿಸುತ್ತಿದ್ದರು. ಈಗ ಕೆಲವರು ಇನ್ನೊಂದು ಕಂಪನಿಯ ಹೆಸರನ್ನೇ ಹೇಳುತ್ತಾರೆ. ಇದಕ್ಕೆ ಕಾನೂನು ಒಪ್ಪುತ್ತದಾ? ಅವರು ಹೇಳಿದ್ದನ್ನು ನಂಬಬಹುದಾ?

ಉತ್ತರ: ಹೆಸರು ಹೇಳಬಹುದು, ಎದುರಾಳಿಯ ಅನುಮತಿಯೂ ಬೇಕಿಲ್ಲ. ಆದರೆ ಹೋಲಿಕೆ ಪ್ರಾಮಾಣಿಕವಾಗಿರಬೇಕು, ಇನ್ನೊಬ್ಬರ ಹೆಸರು ಕೆಡಿಸಬಾರದು ಎನ್ನುತ್ತದೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ‘ನನ್ನ ಸರಕೇ ಎಲ್ಲಕ್ಕಿಂತ ಒಳ್ಳೆಯದು’ ಎಂದು ಕೊಚ್ಚಿಕೊಂಡರೆ ಕೋರ್ಟ್‌ಗಳು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಅವನದು ಕೆಟ್ಟದ್ದು’ ಎಂದರೆ ಮಾತ್ರ ಗ್ರಹಚಾರ ಶುರು.

2010ರ ರಿನ್ ಜಾಹೀರಾತು ನಿಮಗೆ ನೆನಪಿರಬಹುದು. ಬಸ್ ಸ್ಟಾಪಿನಲ್ಲಿ ಇಬ್ಬರು ತಾಯಂದಿರು ಮಕ್ಕಳಿಗಾಗಿ ಕಾಯುತ್ತಿದ್ದಾರೆ. ಒಬ್ಬರ ಬುಟ್ಟಿಯಲ್ಲಿ ರಿನ್, ಇನ್ನೊಬ್ಬರದರಲ್ಲಿ ಟೈಡ್ ನ್ಯಾಚುರಲ್ಸ್, ಎರಡೂ ಎದ್ದು ಕಾಣುವ ಹಾಗೆ. ಸ್ಕೂಲ್ ಬಸ್ ಬರುತ್ತದೆ. ಟೈಡ್ ತಾಯಿಯ ಮಗುವಿನ ಅಂಗಿ ಮಂಕಾಗಿದೆ, ರಿನ್ ತಾಯಿಯ ಮಗ ಫಳಫಳ ಬಿಳಿ ಅಂಗಿಯಲ್ಲಿ ಓಡಿ ಬಂದು ‘ಆಂಟಿ ಯಾಕೆ ಬೆಚ್ಚಿಬಿದ್ದರು?’ ಎಂದು ಕೇಳುತ್ತಾನೆ. ಟೈಡ್ ತನ್ನ ಜಾಹೀರಾತುಗಳಲ್ಲಿ ಬಳಸುತ್ತಿದ್ದ ಮಾತಿಗೇ ಕೊಟ್ಟ ಏಟು ಅದು. ಟೈಡ್ ಕಂಪನಿ ಕಲ್ಕತ್ತಾ ಹೈಕೋರ್ಟ್‌ಗೆ ಹೋಯಿತು, ಕೋರ್ಟ್ ಜಾಹೀರಾತನ್ನು ನಿಲ್ಲಿಸಿತು.

ಹಾಗಂತ ಹೆಸರು ಹೇಳದಿದ್ದರೆ ಬಚಾವ್ ಅಂದುಕೊಳ್ಳಬೇಡಿ. ಐಸ್‌ಕ್ರೀಂ ಹಾಲಿನದು, ಫ್ರೋಜನ್ ಡೆಸರ್ಟ್ ವನಸ್ಪತಿಯದು ಎಂದು ಅಮುಲ್ ಜಾಹೀರಾತು ಮಾಡಿದಾಗ ಯಾವ ಬ್ರ್ಯಾಂಡಿನ ಹೆಸರೂ ಇರಲಿಲ್ಲ. ಆದರೂ ಕ್ವಾಲಿಟಿ ವಾಲ್ಸ್ ಹೆಸರಿನಲ್ಲಿ ಫ್ರೋಜನ್ ಡೆಸರ್ಟ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಯೂನಿಲಿವರ್ ಹೂಡಿದ ದಾವೆಯಲ್ಲಿ 2017ರಲ್ಲಿ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು.

ಇನ್ನು ನಂಬುವ ವಿಷಯ. ನನಗೆ ಜಾಸ್ತಿ ಆತಂಕ ತರುವುದು ಹಸಿ ಸುಳ್ಳಲ್ಲ, ಅರ್ಧ ಲೆಕ್ಕ. ‘ಒಂದು ಕಪ್ ಕಾಂಪ್ಲಾನ್‌ನಲ್ಲಿ ಎರಡು ಕಪ್ ಹಾರ್ಲಿಕ್ಸ್‌ನಷ್ಟು ಪ್ರೋಟೀನ್’ ಎಂಬ ಜಾಹೀರಾತನ್ನೇ ನೋಡಿ. ಒಂದು ಕಪ್ಪಿಗೆ ಹಾಕುವ ಪುಡಿ ಕಾಂಪ್ಲಾನ್‌ನದು 33 ಗ್ರಾಂ, ಹಾರ್ಲಿಕ್ಸ್‌ನದು 27 ಗ್ರಾಂ. ಅಳತೆಯೇ ಬೇರೆ, ಅಲ್ವಾ? ಟಿವಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೆಲವೇ ಸೆಕೆಂಡಿನ ಜಾಹೀರಾತಿನಲ್ಲಿ ಸಣ್ಣಕ್ಷರ ಓದಲು ಯಾರಿಗೆ ಪುರುಸೊತ್ತು? 2020ರಲ್ಲಿ ದೆಹಲಿ ಹೈಕೋರ್ಟ್ ಇದೇ ಕಾರಣಕ್ಕೆ ಆ ಟಿವಿ ಜಾಹೀರಾತಿಗೆ ತಡೆ ನೀಡಿತು. ಮಕ್ಕಳ ಊಟದ ವಿಷಯದಲ್ಲಿ ತಾಯಂದಿರನ್ನು ಹೀಗೆ ದಾರಿ ತಪ್ಪಿಸುವುದು ತಪ್ಪು.

ಹಾಗಾಗಿ ಅಂಗಡಿಯಲ್ಲಿ ಎರಡೂ ಪ್ಯಾಕೆಟ್ ತಿರುಗಿಸಿ, 100 ಗ್ರಾಂಗೆ ಎಷ್ಟು ಎಂಬ ಸಾಲು ನೋಡಿ. ಕಪ್ಪಿನ ಲೆಕ್ಕ ಬಿಟ್ಟುಬಿಡಿ. ಜಾಹೀರಾತು ಮೋಸ ಅನ್ನಿಸಿದರೆ ಸುಮ್ನೆ ಕೂರಬೇಡಿ. 1985ರಿಂದ ಇರುವ ಜಾಹೀರಾತು ಗುಣಮಟ್ಟ ಮಂಡಳಿಗೆ, ಅಂದರೆ ಆಸ್ಕಿಗೆ, ಯಾರು ಬೇಕಾದರೂ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಚಾನೆಲ್, ದಿನಾಂಕ, ಸಮಯ ಮಾತ್ರ ಬರೆದಿಟ್ಟುಕೊಳ್ಳಿ.