ನಿಮ್ಮ ಏಜೆಂಟ್ ಕಟ್ಟಡದಲ್ಲಿ ಏನು?

ಪ್ರಶ್ನೆ: ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದೇನೆ. ಥೀಸಿಸ್‌ಗೆ ಬಸ್ ನಿಲ್ದಾಣ ತೆಗೆದುಕೊಂಡಿದ್ದೇನೆ. ರೈನೋ ಅನ್ನೋ 3ಡಿ ಸಾಫ್ಟ್‌ವೇರ್‌ನ ಗ್ರಾಸ್‌ಹಾಪರ್‌ನಲ್ಲಿ ಹಕ್ಕಿ ಹಿಂಡಿನ ಸ್ಕ್ರಿಪ್ಟ್ ಓಡಿಸಿ, ಏಜೆಂಟ್‌ಗಳು (ನಿಯಮ ಪಾಲಿಸುತ್ತಾ ತಾವೇ ಚಲಿಸುವ ಚುಕ್ಕೆಗಳು) ಹೋದ ದಾರಿಯ ಗೆರೆಗಳಿಂದಲೇ ಚಾವಣಿಯ ಆಕಾರ ತೆಗೆದೆ. ನೋಡೋಕೆ ಚೆನ್ನಾಗಿದೆ. ಆದರೆ ರಿವ್ಯೂನಲ್ಲಿ "ಈ ಗೆರೆ ಇಲ್ಲೇ ಯಾಕೆ ಬಂತು?" ಅಂತ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಸ್ವಾರ್ಮ್ ಇಂಟೆಲಿಜೆನ್ಸನ್ನು, ಅಂದರೆ ಸರಳ ನಿಯಮದ ಏಜೆಂಟ್‌ಗಳ ಗುಂಪಿನಿಂದ ಮೂಡುವ ಜಾಣ್ಮೆಯನ್ನು, ವಿನ್ಯಾಸಕ್ಕೆ ನಿಜವಾಗಿ ಬಳಸೋದು ಹೇಗೆ, ಸರ್?
— ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ರಿವ್ಯೂನಲ್ಲಿ ಕೇಳಬೇಕಾದ್ದನ್ನೇ ಕೇಳಿದ್ದಾರಮ್ಮ. ಅದಕ್ಕೆ ಉತ್ತರ ಸಿಗುವ ಹಾಗೆ ಕೆಲಸವನ್ನು ತಿದ್ದಿಕೊಳ್ಳಬಹುದು, ಬಿಟ್ಟುಬಿಡಬೇಕಿಲ್ಲ.

ನೀವು ಓಡಿಸಿದ್ದು ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ 'ಬಾಯ್ಡ್ಸ್'. ಅದರ ನಿಯಮ ಮೂರೇ. ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಅವರು ಹೋಗುವ ದಿಕ್ಕಿಗೇ ತಿರುಗು, ಗುಂಪು ಬಿಟ್ಟು ದೂರ ಹೋಗಬೇಡ. ರೆನಾಲ್ಡ್ಸ್ ಇದನ್ನು ಮಾಡಿದ್ದು ಕಂಪ್ಯೂಟರ್ ಅನಿಮೇಶನ್‌ಗೆ. ಹಿಂಡು ಹಿಂಡಿನ ಹಾಗೆ ಕಾಣಬೇಕಿತ್ತು, ಕಂಡಿತು. ಆ ನಿಯಮಗಳಿಗೆ ಮಳೆ ಗೊತ್ತಿಲ್ಲ, ಕಂಬ ಗೊತ್ತಿಲ್ಲ, ಲಗೇಜ್ ಹಿಡಿದು ಪ್ಲಾಟ್‌ಫಾರಂ ಹುಡುಕುವ ಪ್ರಯಾಣಿಕರೂ ಗೊತ್ತಿಲ್ಲ. ಹಾಗಿರುವಾಗ ಅಲ್ಲಿಂದ ಬಂದ ಗೆರೆಗೆ ಕಾರಣ ಎಲ್ಲಿಂದ ಸಿಗಬೇಕು?

ಕೋಡ್ ಮುಟ್ಟುವ ಮೊದಲು ಒಂದೇ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮ್ಮ ಏಜೆಂಟ್ ಅಂದರೆ ಆ ಕಟ್ಟಡದಲ್ಲಿ ಏನು? ಓಡಾಡುವ ಮನುಷ್ಯನಾ, ಕಂಬನಾ, ಚಾವಣಿಯ ಒಂದು ಹಲಗೆಯಾ? ಓಡಾಡುವವರ ದಾರಿಯನ್ನು ನೇರವಾಗಿ ಚಾವಣಿ ಮಾಡಿದ್ದರಿಂದಲೇ ನಿಮಗೆ ಗೊಂದಲ ಆಗಿದೆ.

ಇದನ್ನು ಸರಿಯಾಗಿ ಮಾಡಿದ ಒಂದು ಕಟ್ಟಡ ಹೇಳ್ತೀನಿ, ನನಗೆ ತುಂಬಾ ಇಷ್ಟದ್ದು. ಜರ್ಮನಿಯ ಶ್ವೇಬಿಷ್ ಗ್ಮುಂಡ್‌ನಲ್ಲಿ 2014ರಲ್ಲಿ ಕಟ್ಟಿದ ಲಾಂಡೆಸ್‌ಗಾರ್ಟೆನ್‌ಶೌ (ತೋಟಗಾರಿಕೆ ಮೇಳ) ಪ್ರದರ್ಶನ ಮಂಟಪ. ಆರ್ಕಿಟೆಕ್ಟ್ ಆಖಿಮ್ ಮೆಂಗೆಸ್ ಅವರ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ತಂಡದ ಕೆಲಸ. ಬೀಚ್ ಮರದ ಪ್ಲೈವುಡ್‌ನ 243 ಹಲಗೆಗಳು, ಒಂದರ ಹಾಗೆ ಇನ್ನೊಂದಿಲ್ಲ. ದಪ್ಪ ಬರೀ 50 ಮಿಲಿಮೀಟರ್. ಅಲ್ಲಿ ಏಜೆಂಟ್ ಅಂದರೆ ಹಲಗೆಯೇ. ಅದು ಬಾಗಿದ ಮೇಲ್ಮೈ ಮೇಲೆ ಜರುಗುತ್ತೆ, ಪಕ್ಕದ ಹಲಗೆಗಳನ್ನು ನೋಡಿ ತನ್ನ ಜಾಗ ಹೊಂದಿಸಿಕೊಳ್ಳುತ್ತೆ. ಪ್ಲೈವುಡ್ ಶೀಟ್ ಎಷ್ಟು ದೊಡ್ಡದು, ರೋಬೋ ಏನನ್ನು ಕೊರೆಯಬಲ್ಲದು ಅನ್ನೋದೆಲ್ಲ ಆ ಲೆಕ್ಕದ ಒಳಗೇ ಇತ್ತು. ಗುಮ್ಮಟದ ಹಾಗೆ ಉಬ್ಬಿದ ಕಡೆ ಹಲಗೆಗಳ ಮೂಲೆಗಳು ಹೊರಕ್ಕೆ ಚಾಚಿವೆ. ನಡುವೆ ಮೇಲ್ಮೈ ಕುದುರೆ ಜೀನಿನ ಆಕಾರಕ್ಕೆ ತಿರುಗಿದ ಕಡೆ ಹಲಗೆಗಳ ಕೆಲವು ಮೂಲೆಗಳು ಒಳಕ್ಕೆ ತಿರುಗಿವೆ. ಈ ಬದಲಾವಣೆಯನ್ನು ಯಾರೂ ಒಂದೊಂದಾಗಿ ಕೂತು ಬಿಡಿಸಲಿಲ್ಲ. ಯಾವ ಹಲಗೆ ತೋರಿಸಿ "ಇದು ಹೀಗೇ ಯಾಕೆ?" ಅಂದರೂ ಅಲ್ಲಿ ಉತ್ತರ ಇದೆ.

ನಿಮ್ಮ ನಿಲ್ದಾಣಕ್ಕೆ ಬರೋಣ. ಏಜೆಂಟ್ ಪ್ರಯಾಣಿಕರೇ ಆಗಲಿ. ಆದರೆ ಹಕ್ಕಿಯ ನಿಯಮ ಬಿಟ್ಟು ಗೆದ್ದಲಿನ ಕಡೆ ನೋಡಿ. ಒಂದು ಗೆದ್ದಲು ಹಾಕಿದ ಮಣ್ಣಿನ ಉಂಡೆಯೇ ಇನ್ನೊಂದಕ್ಕೆ ಮುಂದಿನ ಉಂಡೆ ಎಲ್ಲಿಡಬೇಕು ಅಂತ ಸೂಚನೆ ಕೊಡುತ್ತೆ. ಹುತ್ತದ ನಕ್ಷೆ ಯಾವ ಗೆದ್ದಲಿನ ತಲೆಯಲ್ಲೂ ಇರಲ್ಲ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಪಿಯರ್ ಪಾಲ್ ಗ್ರಾಸ್ಸೆ 1959ರಲ್ಲಿ ಇದಕ್ಕೆ ಸ್ಟಿಗ್‌ಮರ್ಜಿ ಅಂತ ಹೆಸರಿಟ್ಟರು. ಕೋಡ್‌ನಲ್ಲಿ ಇದು ಕಷ್ಟ ಅಲ್ಲ. ನೆಲವನ್ನು ಚೌಕಗಳಾಗಿ ಮಾಡಿ. ಪ್ರತಿ ಏಜೆಂಟ್ ತಾನು ನಡೆದ ಚೌಕಕ್ಕೆ ಒಂದಿಷ್ಟು ಅಂಕ ಸೇರಿಸಲಿ. ಮುಂದಿನ ಹೆಜ್ಜೆಗೆ ಎಡ, ನೇರ, ಬಲ ಮೂರೂ ಕಡೆ ನೋಡಿ, ತಾನು ಹೋಗಬೇಕಾದ ಪ್ಲಾಟ್‌ಫಾರಂ ದಿಕ್ಕಿನಲ್ಲೇ ಹೆಚ್ಚು ಅಂಕ ಇರುವ ಕಡೆ ತಿರುಗಲಿ. ಪ್ರತಿ ಸುತ್ತಿಗೂ ಎಲ್ಲ ಅಂಕವೂ ಸ್ವಲ್ಪ ಆರುತ್ತಾ ಬರಲಿ. ಆರುವ ವೇಗ ಕಮ್ಮಿ ಮಾಡಿದರೆ ಹಳೇ ದಾರಿಗಳೇ ಗಟ್ಟಿಯಾಗಿ ಉಳಿದುಬಿಡುತ್ತವೆ. ಜಾಸ್ತಿ ಮಾಡಿದರೆ ದಾರಿ ಮೂಡಿ ಉಳಿಯೋದೇ ಇಲ್ಲ. ಆ ಒಂದು ಸಂಖ್ಯೆಯ ಜೊತೆ ಸಾಕಷ್ಟು ಹೊತ್ತು ಕಳೆಯಿರಿ.

ಗೇಟುಗಳು ಮತ್ತು ಪ್ಲಾಟ್‌ಫಾರಂಗಳನ್ನು ನಿಜವಾದ ಜಾಗದಲ್ಲೇ ಇಡಿ. ಯಾವ ಗೇಟಿನಿಂದ ಎಷ್ಟು ಜನ ಬರ್ತಾರೆ ಅಂತ ಬೆಳಗ್ಗೆ, ಸಂಜೆ ಅಲ್ಲೇ ನಿಂತು ಎಣಿಸಿ. ಆಮೇಲೆ ಏಜೆಂಟ್‌ಗಳು ಹೊರಡುವ ಜಾಗ, ಹೊತ್ತು ಬದಲಿಸಿ ಬೇರೆ ಬೇರೆ ಸಲ ಓಡಿಸಿ. ಪ್ರತಿ ಸಲವೂ ಕಾಣುವ ದಾರಿಯಲ್ಲಿ ಕಂಬ ಬೇಡ. ಒಮ್ಮೆ ಕಂಡು ಇನ್ನೊಮ್ಮೆ ಮಾಯವಾಗುವ ದಾರಿಯನ್ನು ನಂಬಬೇಡಿ, ಅಲ್ಲಿ ತೀರ್ಮಾನ ನಿಮ್ಮದು. ಉಳಿದ ಜಾಗದಲ್ಲಿ ಕಂಬಗಳು ಎಲ್ಲೆಲ್ಲಿ ನಿಲ್ಲಬಹುದು ಅಂತ ಗೊತ್ತಾಯ್ತಲ್ಲ, ಚಾವಣಿ ಅಲ್ಲಿಂದ ಶುರುವಾಗಲಿ. ಭಾರದ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಮಾಡಿಸಲೇಬೇಕು, ಏಜೆಂಟ್ ಅದನ್ನು ಮಾಡಿಕೊಡಲ್ಲ.

ಒಂದು ತಾಂತ್ರಿಕ ಮಾತು. ಸಾವಿರ ಏಜೆಂಟ್‌ಗಳು ಪರಸ್ಪರ ಎಲ್ಲರನ್ನೂ ನೋಡಿದರೆ ಒಂದೊಂದು ಹೆಜ್ಜೆಗೂ ಸುಮಾರು 10 ಲಕ್ಷ ಹೋಲಿಕೆ, ಲ್ಯಾಪ್‌ಟಾಪ್ ತುಂಬಾ ನಿಧಾನ ಆಗಬಹುದು. ಹತ್ತಿರದವರನ್ನು ಮಾತ್ರ ಹುಡುಕೋಕೆ ರೈನೋದಲ್ಲೇ ಆರ್-ಟ್ರೀ ಅನ್ನೋ ಹುಡುಕಾಟದ ವ್ಯವಸ್ಥೆ ಇದೆ, ಬಳಸಿ. ಗ್ರಾಸ್‌ಹಾಪರ್‌ನಲ್ಲಿ ತಿಣುಕಾಡೋದಾದರೆ ಪ್ರೊಸೆಸಿಂಗ್ ಅನ್ನೋ ಕೋಡಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದು, ಫಲಿತಾಂಶ ಮಾತ್ರ ರೈನೋಗೆ ತನ್ನಿ.

ಪ್ರಶ್ನೆ: ನಾನು ಜಾಸ್ತಿ ಮಾಡೋದು 30-40 ಸೈಟಿನ ಮನೆಗಳನ್ನು. ಈ ಸ್ವಾರ್ಮ್ ವಿಧಾನ ಕಲಿತರೆ ನನಗೆ ಉಪಯೋಗ ಇದೆಯಾ?
— ಆರ್ಕಿಟೆಕ್ಟ್, ಬೆಂಗಳೂರು

ಉತ್ತರ: ಮನೆಯ ಪ್ಲಾನ್‌ಗೆ ಬೇಡ ಸರ್. ಅಲ್ಲಿ ಇರೋದೇ ಏಳೆಂಟು ಕೋಣೆ. ಮನೆಯವರ ಜೊತೆ ಕೂತು ಮಾತಾಡಿ ಪೆನ್ಸಿಲ್‌ನಲ್ಲಿ ಬಿಡಿಸೋದೇ ಬೇಗ ಆಗುತ್ತೆ. ಒಂದೇ ಥರದ ನೂರಾರು ಭಾಗ ಇದ್ದು, ಒಂದೊಂದಕ್ಕೂ ಅದರದ್ದೇ ಪರಿಸ್ಥಿತಿ ಇದ್ದಾಗ ಮಾತ್ರ ಈ ವಿಧಾನ ಕೈ ಹಿಡಿಯುತ್ತೆ. ಮುಂದೆ ಆಫೀಸ್ ಕಟ್ಟಡದ ಪಶ್ಚಿಮದ ಗೋಡೆಗೆ ಬಿಸಿಲು ತಡೆಯುವ ಪಟ್ಟಿಗಳನ್ನು ಮಾಡುವ ಕೆಲಸ ಸಿಕ್ಕರೆ, ಅಲ್ಲಿಂದ ಶುರು ಮಾಡಿ. ಪ್ರತಿ ಪಟ್ಟಿಯೂ ಒಂದು ಏಜೆಂಟ್. ತನ್ನ ಮೇಲೆ ಬೀಳುವ ಬಿಸಿಲು, ಹಿಂದಿನ ಕಿಟಕಿಯ ನೋಟ, ಅಕ್ಕಪಕ್ಕದ ಪಟ್ಟಿಯ ಕೋನ, ಇಷ್ಟನ್ನು ನೋಡಿಕೊಂಡು ಅದು ತಿರುಗಬೇಕು. ನಾಲ್ಕೈದು ಕೋನಗಳಿಗಿಂತ ಹೆಚ್ಚು ಬೇಡ ಅಂತ ಮೊದಲೇ ಕಟ್ಟುಹಾಕಿ. ಇಲ್ಲದಿದ್ದರೆ ಫ್ಯಾಬ್ರಿಕೇಟರ್ ಪ್ರತಿಯೊಂದಕ್ಕೂ ಬೇರೆ ಬ್ರಾಕೆಟ್ ಮಾಡಬೇಕಾಗುತ್ತೆ.